ಕೆರೆಗೆ ಗೇಟು ಬಿದ್ದ ಮೇಲೆ

ಹೋದ ವಾರ ನಮ್ಮ ಮನೆ ಹತ್ತಿರದ ಕೆರೆ ಗೇಟಲ್ಲಿ ಒಂದು ಸಣ್ಣ ಜಗಳ ನೋಡಿದೆ. ಕೆರೆ ಹೆಸರು ಬೇಡ, ಬೆಂಗಳೂರಿನ ಯಾವುದೋ ಒಂದು ಕೆರೆ ಅಂತ ಇಟ್ಕೊಳ್ಳಿ. ಒಬ್ಬ ಅಜ್ಜಿ, ಕೈಯಲ್ಲಿ ಕುಡುಗೋಲು, ಹೆಗಲ ಮೇಲೆ ಹುಲ್ಲಿನ ಹೊರೆ ಕಟ್ಟೋಕೆ ಹಳೇ ಸೀರೆ. ವಾಚ್‌ಮನ್ ಹೇಳ್ತಿದ್ದಾನೆ, "ಒಂಬತ್ತು ಗಂಟೆ ಆಯ್ತಮ್ಮ, ಗೇಟ್ ಕ್ಲೋಸು. ಸಾಯಂಕಾಲ ಬನ್ನಿ." ಅಜ್ಜಿ ಕೇಳಿದ್ದು ಇಷ್ಟೇ: "ಹಸೂಗೆ ಟೈಮ್ ನೋಡೋಕೆ ಬರ್ತದೇನಪ್ಪಾ?"

ನಾನು ವಾಕ್ ಮುಗಿಸಿ ಅದೇ ಗೇಟಿಂದ ಹೊರಗೆ ಬರ್ತಿದ್ದೆ. ತಲೆ ತಗ್ಗಿಸಿ ಬಂದೆ ಅಂತ ಹೇಳಿದ್ರೆ ಸರಿ. ಯಾಕಂದ್ರೆ ಕೆರೆಗೆ ಗೇಟು ಬೇಕು, ಟೈಮಿಂಗ್ ಬೋರ್ಡ್ ಬೇಕು ಅಂತ ಕೊಟ್ಟ ಅರ್ಜಿಯಲ್ಲಿ ನನ್ನ ಸಹಿನೂ ಇದೆ.

ಬೆಂಗಳೂರಲ್ಲಿ ಕೆರೆ ಕಳೆದುಹೋದ ಕತೆ ನಮಗೆಲ್ಲ ಬಾಯಿಪಾಠ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು. ಚಲ್ಲಘಟ್ಟದ್ದು ಗಾಲ್ಫ್ ಮೈದಾನ ಆಯ್ತು. ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಸ್ಟೇಡಿಯಂ. ಕರಗದ ಪೂಜೆ ಇದೆ ಅನ್ನೋ ಪುಣ್ಯಕ್ಕೆ ಒಂದು ಪುಟ್ಟ ಕೊಳ ಉಳಿದಿದೆ. ಇದಕ್ಕೆಲ್ಲ ನಾವು ನಿಟ್ಟುಸಿರು ಬಿಡ್ತೀವಿ. ಆದ್ರೆ ನೀರೂ ಇದ್ದು, ದಾಖಲೆಯಲ್ಲಿ ಕೆರೆ ಅಂತಲೇ ಇದ್ದು, ಕೆರೆ ಸದ್ದಿಲ್ಲದೆ ಪಾರ್ಕ್ ಆಗ್ತಿದೆಯಲ್ಲ, ಅದಕ್ಕೆ ನಾವು ಚಪ್ಪಾಳೆ ಹೊಡೀತೀವಿ. ರಿಬ್ಬನ್ ಕತ್ತರಿಸೋಕೆ ಸಾಲಲ್ಲಿ ನಿಲ್ತೀವಿ.

ಹಳೇ ಕೆರೆ ಹೇಗಿರ್ತಿತ್ತು ನೆನಪು ಮಾಡ್ಕೊಳ್ಳಿ. ತಗ್ಗಿನ ಕಡೆ ಮಣ್ಣಿನ ಏರಿ, ನೀರು ಬಿಡೋಕೆ ತೂಬು, ಹೆಚ್ಚಾದ ನೀರು ಹೊರಗೆ ಹರಿಯೋಕೆ ಕೋಡಿ. ಮೇಲ್ಗಡೆ, ಹಳ್ಳ ಬಂದು ಸೇರೋ ಕಡೆ, ತೆಳ್ಳಗೆ ಹರಡಿದ ಅಂಗಳ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಆಮೇಲೆ ಕೆಸರು, ಬೇಸಿಗೆಗೆ ಹುಲ್ಲು. ದನ ಅಲ್ಲೇ ಮೇಯ್ತಿದ್ವು. ಬೇಸಿಗೇಲಿ ಗಾಡಿ ಕಟ್ಟಿ ಹೂಳು ತೆಗೆದು ಹೊಲಕ್ಕೆ ಹಾಕೋರು, ಕೆರೆ ಆಳ ಆಗೋದು, ಹೊಲಕ್ಕೆ ಗೊಬ್ಬರ ಆಗೋದು. ತೂಬು ಯಾವಾಗ ತೆಗೀಬೇಕು, ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡೋಕೆ ನೀರುಗಂಟಿ ಇದ್ದ. ಅವನಿಗೆ ಸುಗ್ಗಿಯಲ್ಲಿ ಊರಿನವರು ಧಾನ್ಯ ಕೊಡೋರು. ಸಮುದಾಯದ ಆರೈಕೆ ಅಂತ ನಾವು ಈಗ ಸೆಮಿನಾರಲ್ಲಿ ಹೇಳೋದನ್ನ ಅವರು ಕೆಲಸ ಅಂತ ಕರೀತಿದ್ರು.

ಈಗ ಏನು ಮಾಡ್ತೀವಿ? ಜೆಸಿಬಿ ಇಳಿಸಿ ಇಡೀ ಕೆರೆಯನ್ನ ಒಂದೇ ಆಳಕ್ಕೆ ತೋಡಿ, ಅದೇ ಮಣ್ಣನ್ನ ಸುತ್ತ ಒಡ್ಡಿ, ಮೇಲೊಂದು ವಾಕಿಂಗ್ ಪಾತ್. ಸಾಂಬಾರ್ ಬಟ್ಟಲು ಇಟ್ಟ ಹಾಗೆ. ಆ ಬಟ್ಟಲಲ್ಲಿ ಹೆಜ್ಜಾರ್ಲೆ (ಪೆಲಿಕನ್) ಈಜಬಹುದು, ಆದ್ರೆ ಕೆಸರಲ್ಲಿ ಕಾಲಿಟ್ಟು ಹುಳ ಹೆಕ್ಕೋ ಗೊರವ ಹಕ್ಕಿಗೆ ನಿಲ್ಲೋಕೆ ಜಾಗ ಇಲ್ಲ. ಜೊಂಡಿನೊಳಗೆ ಗೂಡು ಕಟ್ಟೋ ಜಂಬುಕೋಳಿಗೂ ಇಲ್ಲ. ಆ ಅಜ್ಜಿಗೂ ಇಲ್ಲ.

ಬೇಲಿ ತಪ್ಪು ಅಂತ ಸುಲಭವಾಗಿ ಹೇಳೋಕೂ ಆಗಲ್ಲ. ಬೇಲಿ ಇಲ್ಲದ ಕೆರೆಗೆ ರಾತ್ರಿ ಟಿಪ್ಪರ್ ಬಂದು ಒಡೆದ ಮನೆ ಮಣ್ಣು ಸುರಿದು ಹೋಗುತ್ತೆ, ವರ್ಷದೊಳಗೆ ಅದರ ಮೇಲೊಂದು ಶೆಡ್ ಏಳುತ್ತೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಬರೀ 13 ಎಕರೆ ಚಿಲ್ಲರೆ. ಸುತ್ತಲಿನ ನಿವಾಸಿಗಳು ಟ್ರಸ್ಟ್ ಮಾಡ್ಕೊಂಡು, 2011ರಲ್ಲಿ ಪಾಲಿಕೆ ಜೊತೆ ಒಪ್ಪಂದ ಮಾಡ್ಕೊಂಡು, ಕಳೆ ಕೀಳೋದರಿಂದ ಹಿಡಿದು ನೀರು ಹೊಂದಿಸೋವರೆಗೆ ನೋಡ್ಕೊಂಡ್ರು. ಅವರಿಲ್ಲದಿದ್ರೆ ಆ ಕೆರೆ ಏನಾಗ್ತಿತ್ತು ಅಂತ ನಾನು ಹೇಳಬೇಕಾಗಿಲ್ಲ. 2020ರಲ್ಲಿ ಕೆರೆ ನಿರ್ವಹಣೆಗೆ ಖಾಸಗಿ ಕಂಪನಿಗಳ ಜೊತೆ ಒಪ್ಪಂದ ಮಾಡ್ಕೊಳ್ಳೋದನ್ನ ಹೈಕೋರ್ಟ್ ತಡೀತು. ಆ ಬಿಸಿ ಇಂಥ ನಾಗರಿಕ ಗುಂಪುಗಳಿಗೂ ತಟ್ಟಿತು. ಕಂಪನಿ ದುಡ್ಡು ಬೇರೆ, ಬೆಳಿಗ್ಗೆ ಎದ್ದು ಕಳೆ ಕೀಳೋ ಕೈ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನಗಂತೂ ಸರಿ ಕಾಣಲಿಲ್ಲ.

ನನಗೆ ಹಿಡಿಸೋ ಉದಾಹರಣೆ ಜಕ್ಕೂರು ಕೆರೆ. ಸುಮಾರು 160 ಎಕರೆ. ಅಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕ ಇದೆ, ಶುರುವಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ್ದು. ಅದರಿಂದ ಹೊರಗೆ ಬಂದ ನೀರು ಸೀದಾ ಕೆರೆಗೆ ಇಳಿಯಲ್ಲ. ಮೊದಲು ಜೊಂಡು ಬೆಳೆದ ಜೌಗಿನೊಳಗೆ ನಿಧಾನಕ್ಕೆ ಹಾಯುತ್ತೆ, ಉಳಿದ ಸಾರಜನಕ, ರಂಜಕವನ್ನ ಗಿಡಗಳು ಎಳ್ಕೊಳ್ತವೆ, ಆಮೇಲೆ ಕೆರೆ, ಅಲ್ಲಿಂದ ರಾಚೇನಹಳ್ಳಿ ಕೆರೆ ಕಡೆಗೆ. ಅಲ್ಲಿ ವಾಕ್ ಮಾಡೋರೂ ಇದ್ದಾರೆ, ಮೀನು ಹಿಡಿಯೋರೂ ಇದ್ದಾರೆ, ಹುಲ್ಲು ಕೊಯ್ಯೋರೂ ಇದ್ದಾರೆ. ಒಂದು ಗುಟ್ಟು ಹೇಳ್ತೀನಿ: ಆ ಜೊಂಡನ್ನ ಆಗಾಗ ಕೊಯ್ದು ಹೊರಗೆ ಹಾಕಲೇಬೇಕು. ಹಾಗೇ ಬಿಟ್ರೆ ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ವಾಪಸ್ ನೀರಿಗೇ ಬಿಡುತ್ತೆ. ಅಂದ್ರೆ ಜೌಗಿಗೆ ಕುಡುಗೋಲು ಬೇಕು. ನಾವು ಕುಡುಗೋಲನ್ನ ಗೇಟಲ್ಲಿ ನಿಲ್ಲಿಸಿ, ಆಮೇಲೆ ಕಳೆ ಕೀಳೋಕೆ ಟೆಂಡರ್ ಕರೀತೀವಿ!

ಅದಕ್ಕೇ ನಮ್ಮ ಕೆರೆ ಗುಂಪಲ್ಲಿ ನಾನು ಕೇಳ್ತಿರೋದು ದೊಡ್ಡದೇನಲ್ಲ. ನೀರು ಬರೋ ಕಡೆ ಪಾತ್ ಬೇಡ, ಆ ತೆಳು ಅಂಗಳ ಹಾಗೇ ಬಿಡಿ. ವಾಕ್ ಮಾಡೋರು ಹೋದಲ್ಲಿಂದ ವಾಪಸ್ ಬರಲಿ, ಸುತ್ತು ಪೂರ್ತಿ ಆಗದಿದ್ರೆ ಯಾರ ಶುಗರೂ ಏರಲ್ಲ. ಹುಲ್ಲು, ಮೀನಿನವರಿಗೆ ಗೇಟ್ ಟೈಮ್ ಬೇರೆ ಇಡಿ. ಸಭೆ ಮಾಡುವಾಗ ಅವರಿಗೂ ಕುರ್ಚಿ ಹಾಕಿ.

ಮುಂದಿನ ಭಾನುವಾರ ಸಭೆ ಇದೆ, ಅದೇ ಗೇಟ್ ಟೈಮಿಂಗ್ ವಿಷಯಕ್ಕೆ. ಹಸು ಸಾಕೋರಿಗೆ ಯಾರಾದ್ರೂ ಹೇಳಿದ್ದೀರಾ ಅಂತ ವಾಟ್ಸಾಪ್‌ನಲ್ಲಿ ಕೇಳಿದೆ. ಒಬ್ಬರು ಹೆಬ್ಬೆರಳು ಎತ್ತಿ ತೋರಿಸಿದ್ರು, ಅಷ್ಟೇ. ಅಜ್ಜಿ ಮನೆ ಹಳೇ ಊರೊಳಗೆ, ಮಾರಮ್ಮನ ಗುಡಿ ಹಿಂದೆ ಅಂತೆ. ಶನಿವಾರ ಸಂಜೆ ಹಾಲು ಕರೆಯೋ ಹೊತ್ತಿಗೆ ಹೋಗಿ ನಾನೇ ಹೇಳಿ ಬರ್ತೀನಿ.