ಚೊಂಬಿಗೆ ಒರಗಿಸಿಟ್ಟ ಫೋನು

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಆದವರನ್ನು ನೋಡಲು ಹೋದಾಗ ನಾವು ಏನು ಹೇಳುತ್ತೇವೆ? 'ಧೈರ್ಯವಾಗಿರಿ, ಏನೂ ಆಗಲ್ಲ.' ಮೂಸಂಬಿ ಚೀಲ ಕೈಗಿಟ್ಟು, ಹತ್ತು ನಿಮಿಷ ಕೂತು, ಇದನ್ನು ಹೇಳಿ ಎದ್ದು ಬರುತ್ತೇವೆ. ನಾನೂ ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಆ ಮಾತು ಏನು ಮಾಡುತ್ತದೆ ಅಂತ ಗೊತ್ತಾಗಿದ್ದು ನನ್ನ ಅಮ್ಮನಿಗೇ ಕಾಯಿಲೆ ಬಂದಾಗ. ಬಂದವರ ಎದುರು ಅಮ್ಮ ತಲೆಯಾಡಿಸುತ್ತಿದ್ದಳು, ನಗುತ್ತಲೂ ಇದ್ದಳು. ಅವರು ಗೇಟು ದಾಟಿದ ಕೂಡಲೇ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ನನಗೆ ಹೆದರಿಕೆ ಆಗ್ತಿದೆ ಅಂತ ಹೇಳಿಕೊಳ್ಳೋಕೆ ಆ ಮನೆಯಲ್ಲಿ ಅವಳಿಗೆ ಒಬ್ಬರೂ ಸಿಕ್ಕಿರಲಿಲ್ಲ. ಮಗಳಾದ ನಾನೂ ಸಿಕ್ಕಿರಲಿಲ್ಲ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಹೆದರಿಕೆ ಬಗ್ಗೆ, ಆ ಬೇಸರದ ಬಗ್ಗೆ. ಅದಕ್ಕೂ ಚಿಕಿತ್ಸೆ ಇದೆ. ಆ ಚಿಕಿತ್ಸೆ ಈಗ ಮೊಬೈಲ್ ಫೋನಿನಲ್ಲೂ ಸಿಗುತ್ತದೆ.

2011ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂದಿತ್ತು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಕ್ಯಾನ್ಸರ್ ಇರುವ ಆರು ಜನರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ, ಅಂದರೆ ಡಿಪ್ರೆಶನ್, ಇದೆ ಅಂತ ಕಂಡುಬಂತು. ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆಯಲ್ಲಿ ಇರುವವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ಎರಡು ರೀತಿ ಓದಬಹುದು. ತುಂಬಾ ಜನರಿಗೆ ಬರುತ್ತದೆ ಅನ್ನುವುದು ಒಂದು. ಆರರಲ್ಲಿ ಐದು ಜನರಿಗೆ ಬರುವುದಿಲ್ಲ ಅನ್ನುವುದು ಇನ್ನೊಂದು. ಹಾಗಾಗಿ 'ಇಂಥ ಕಾಯಿಲೆ ಬಂದ ಮೇಲೆ ಬೇಜಾರು ಸಹಜ ಬಿಡಿ' ಅಂತ ಸುಮ್ಮನಾಗುವುದು ತಪ್ಪು. ದುಃಖ ಸಹಜ. ಖಿನ್ನತೆ ಕಾಯಿಲೆ.

ಆದರೆ ಅದನ್ನು ಗುರುತಿಸುವುದು ಸುಲಭ ಅಲ್ಲ. ಊಟ ಸೇರಲ್ಲ, ನಿದ್ದೆ ಬರಲ್ಲ, ಸುಸ್ತು. ಇದೆಲ್ಲ ಕೀಮೋದಿಂದಲೂ ಬರುತ್ತದೆ, ಖಿನ್ನತೆಯಿಂದಲೂ ಬರುತ್ತದೆ. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಮಾತ್ರೆಯಿಂದ ರಾತ್ರಿಯಿಡೀ ಎಚ್ಚರ ಇರುವವರಿದ್ದಾರೆ. ಅದಕ್ಕೇ ತಿಳಿದವರು ಹಸಿವು, ನಿದ್ದೆಗಿಂತ ಬೇರೆ ಒಂದನ್ನು ಗಮನಿಸುತ್ತಾರೆ. ಮೊದಲು ಇಷ್ಟವಾಗುತ್ತಿದ್ದುದು ಈಗಲೂ ಇಷ್ಟವಾಗುತ್ತಾ? ನನ್ನಿಂದ ಎಲ್ಲರಿಗೂ ತೊಂದರೆ ಅಂತ ಪದೇ ಪದೇ ಅನ್ನಿಸುತ್ತಾ? ಅಮ್ಮನಿಗೆ ಗಿಡಗಳೆಂದರೆ ಪ್ರಾಣ. ಅಂಗಳದ ಡೇರೆ ಗಿಡಗಳಲ್ಲಿ ಮೊಗ್ಗು ಬಿಟ್ಟಿದೆ ಬಾ ಅಂತ ಕರೆದರೆ, 'ಬಿಡಲಿ ಬಿಡು' ಅಂದಳು. ಆ ಎರಡು ಮಾತು ಕೇಳಿದಾಗ ನನ್ನ ಎದೆ ಝಲ್ ಅಂದಿತ್ತು.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಚಿಕಿತ್ಸೆ ಬೆಂಗಳೂರಲ್ಲಿ. ರಾತ್ರಿ ಬಸ್ಸು, ಬೆಳಗಿನ ಟೋಕನ್ ಸಾಲು, ರಕ್ತ ಪರೀಕ್ಷೆ, ಕೀಮೋ, ಮತ್ತೆ ರಾತ್ರಿ ಬಸ್ಸು, ರಸ್ತೆ ತಿರುವಿನಲ್ಲಿ ವಾಂತಿ. ಇದರ ಮಧ್ಯೆ 'ಮನಸ್ಸಿನ ಡಾಕ್ಟರನ್ನೂ ವಾರಕ್ಕೊಮ್ಮೆ ನೋಡಿ' ಅಂದರೆ ಯಾರಿಂದ ಆಗುತ್ತೆ ಹೇಳಿ? ಅಲ್ಲಿನ ಒಬ್ಬ ನರ್ಸಮ್ಮನೇ ಕೇಳಿದ್ದು, ಫೋನಲ್ಲಿ ಮಾತಾಡುತ್ತೀರಾ ಅಂತ.

ಫೋನಲ್ಲಿ ಚಿಕಿತ್ಸೆ ಅಂದರೆ ಏನೋ ಕಡಿಮೆ ದರ್ಜೆಯದು ಅಂತ ನನಗೂ ಅನ್ನಿಸಿತ್ತು. ಆದರೆ ಇದಕ್ಕೆ ಸರಿಯಾದ ವ್ಯವಸ್ಥೆ ಇದೆ. ಕೋವಿಡ್ ಶುರುವಾದಾಗ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮಗಳನ್ನು ತಂದಿತು. ಅದೇ ವರ್ಷ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ಫೋನ್ ಮತ್ತು ವಿಡಿಯೊ ಮೂಲಕ ಮನೋಚಿಕಿತ್ಸೆ ಹೇಗೆ ಮಾಡಬೇಕು ಅಂತ ಮಾರ್ಗಸೂಚಿ ಹೊರತಂದಿತು.

ಮೊದಲ ದಿನ ಫೋನ್ ನಿಲ್ಲಿಸೋಕೆ ಸ್ಟ್ಯಾಂಡ್ ಇರಲಿಲ್ಲ. ಸ್ಟೀಲಿನ ಚೊಂಬಿಗೆ ನೀರು ತುಂಬಿ, ಅದಕ್ಕೆ ಒರಗಿಸಿ ಇಟ್ಟೆ. ನೆಟ್‌ವರ್ಕ್ ಸಿಗುವುದು ಕಿಟಕಿ ಪಕ್ಕದ ಮಂಚದ ಮೇಲೆ ಮಾತ್ರ. ಅಮ್ಮ ಎದ್ದು ಕೂರಲು ಒದ್ದಾಡುತ್ತಿದ್ದಳು. ಆ ಕಡೆಯಿಂದ ಚಿಕಿತ್ಸಕಿ, 'ಮಲಗಿಯೇ ಮಾತಾಡಿ ಅಮ್ಮಾ, ನನಗೇನೂ ತೊಂದರೆ ಇಲ್ಲ' ಅಂದರು. ತಲೆಗೂದಲು ಉದುರಿದ ಮೇಲೆ ಅಮ್ಮ ಸೆರಗು ಹೊದೆಯದೆ ಯಾರ ಎದುರಿಗೂ ಬಂದವಳಲ್ಲ. ಎರಡನೇ ವಾರ ಕ್ಯಾಮೆರಾ ಆಫ್ ಮಾಡಿ, ಸೆರಗು ತೆಗೆದಿಟ್ಟು, ಕಣ್ಣು ಮುಚ್ಚಿ ಮಾತಾಡಿದಳಂತೆ. ದೂರದವರಿಗೆ ಅನುಕೂಲ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಅಮ್ಮನಿಗೆ ಸಿಕ್ಕ ದೊಡ್ಡ ಅನುಕೂಲ ಮಾತ್ರ ಇದು: ಅವಳ ಮಂಚದ ಮೇಲೆ ಅವಳು ಹೇಗಿದ್ದಳೋ ಹಾಗೇ ಇರಬಹುದಿತ್ತು. ಯಾರಿಗೋಸ್ಕರವೂ ಧೈರ್ಯ ತೋರಿಸಬೇಕಾಗಿರಲಿಲ್ಲ.

ಒಂದೇ ಒಂದು ಕಷ್ಟ, ಮನೆ ತುಂಬ ಜನ. ಮಾತು ಕೇಳಿಸುತ್ತದೆ ಅಂತ ಅಮ್ಮನಿಗೆ ಸಂಕೋಚ. ಅದಕ್ಕೆ ಜಗಲಿಯಲ್ಲಿ ರೇಡಿಯೊ ಜೋರಾಗಿ ಹಚ್ಚಿಟ್ಟು, ನಾವೆಲ್ಲ ಅಲ್ಲೇ ಕೂರುತ್ತಿದ್ದೆವು. ಬಾಗಿಲು ಮುಚ್ಚಿರುತ್ತಿತ್ತು. ಸುಸ್ತು ಜಾಸ್ತಿ ಇದ್ದ ದಿನ 20 ನಿಮಿಷ, ಚೆನ್ನಾಗಿದ್ದ ದಿನ 40.

ಶುರು ಮಾಡುವ ಮೊದಲು ಚಿಕಿತ್ಸಕಿ ನನಗೆ ಒಂದು ಪ್ರಶ್ನೆ ಕೇಳಿದ್ದರು. ಅಮ್ಮನಿಗೆ ಏನು ಕಾಯಿಲೆ ಅಂತ ಅವರಿಗೆ ಗೊತ್ತಾ? ನಾನು ತಡವರಿಸಿದೆ. 'ಗಡ್ಡೆ' ಅಂತಷ್ಟೇ ಹೇಳಿದ್ದೆವು. ಅವಳ ಮುಂದೆ ಕ್ಯಾನ್ಸರ್ ಅನ್ನುವ ಶಬ್ದ ಎತ್ತಬಾರದು ಅಂತ ಸೋದರಮಾವನ ಕಟ್ಟಪ್ಪಣೆ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಹೀಗೇ ಅಲ್ವಾ? 'ನಾನಾಗಿ ಹೇಳುವುದಿಲ್ಲ, ಆದರೆ ಸುಳ್ಳೂ ಹೇಳುವುದಿಲ್ಲ, ಎಷ್ಟು ತಿಳಿಯಬೇಕು ಅಂತ ಅವರನ್ನೇ ಕೇಳುತ್ತೇನೆ' ಅಂದರು ಚಿಕಿತ್ಸಕಿ. ಅಮ್ಮನಿಗೆ ಮೊದಲ ಕೀಮೋ ದಿನವೇ ಗೊತ್ತಾಗಿತ್ತು. ಪಕ್ಕದ ಹಾಸಿಗೆಯವರು ಹೇಳಿದ್ದರು. ನಮಗೆ ಬೇಜಾರಾಗುತ್ತದೆ ಅಂತ ಅವಳು ಸುಮ್ನಿದ್ದಳು, ಅವಳಿಗೆ ಬೇಜಾರಾಗುತ್ತದೆ ಅಂತ ನಾವು ಸುಮ್ನಿದ್ದೆವು. ನಾಲ್ಕು ತಿಂಗಳು.

ಒಳಗೆ ಏನು ಮಾತಾಯಿತು ಅಂತ ನಾನು ಕೇಳಲಿಲ್ಲ. ಅಮ್ಮನೇ ಆಮೇಲೆ ಒಂದೊಂದಾಗಿ ಹೇಳಿದಳು. 'ನಾನು ಎಲ್ಲರಿಗೂ ಹೊರೆ' ಅನ್ನುವ ಮಾತನ್ನು ಚಿಕಿತ್ಸಕಿ ಹಿಡಿದುಕೊಂಡರಂತೆ. ಹಾಗೆಲ್ಲ ಯೋಚಿಸಬೇಡಿ ಅನ್ನಲಿಲ್ಲ. ನಿಮ್ಮ ಅತ್ತೆ ಹಾಸಿಗೆ ಹಿಡಿದಾಗ ನೀವು ನೋಡಿಕೊಂಡಿರಿ, ಆಗ ಅವರನ್ನು ಹೊರೆ ಅಂದುಕೊಂಡಿರಾ ಅಂತ ಕೇಳಿದರಂತೆ. ಅಮ್ಮ ಅದರ ಬಗ್ಗೆ ಎರಡು ದಿನ ಯೋಚಿಸಿದಳು. ಇದಕ್ಕೆ ಸಿಬಿಟಿ ಅನ್ನುತ್ತಾರೆ. ನಮ್ಮ ಯೋಚನೆಯನ್ನು ನಾವೇ ಎದುರಿಗಿಟ್ಟುಕೊಂಡು ಪರೀಕ್ಷೆ ಮಾಡುವ ವಿಧಾನ. ದಿನಕ್ಕೆ ಒಂದು ಸಣ್ಣ ಕೆಲಸ ಅಂತಲೂ ಗೊತ್ತು ಮಾಡಿದ್ದರು. ಒಂದು ಗಿಡಕ್ಕೆ ನೀರು, ಅಷ್ಟೇ. ಸ್ಕ್ಯಾನ್ ರಿಪೋರ್ಟ್ ಬರುವ ವಾರ ಚಿಂತೆಗೆ ಅಂತಲೇ ಸಂಜೆ ಕಾಲು ಗಂಟೆ ಎತ್ತಿಡುವುದು, ಮಿಕ್ಕ ಹೊತ್ತಲ್ಲಿ ಚಿಂತೆ ಬಂದರೆ 'ಸಂಜೆ ಬಾ' ಅನ್ನುವುದು. ಅಮ್ಮ ನಿಜವಾಗಿ ಹಾಗೆ ಬಾಯಿಬಿಟ್ಟು ಅನ್ನುತ್ತಿದ್ದಳು.

ಆದರೆ ಸಾವಿನ ಭಯ ಸುಳ್ಳು ಯೋಚನೆಯಲ್ಲವಲ್ಲ. ಅದನ್ನು ಪರೀಕ್ಷೆ ಮಾಡಿ ತೆಗೆದುಹಾಕಲು ಆಗುವುದಿಲ್ಲ. ಅದಕ್ಕೆ ಬೇರೆ ದಾರಿಗಳಿವೆ. ಕೆನಡಾದ ಟೊರೊಂಟೊದಲ್ಲಿ ಗ್ಯಾರಿ ರೋಡಿನ್ ಅನ್ನುವ ವೈದ್ಯರ ತಂಡ ಕಾಮ್ ಅನ್ನುವ ಚಿಕಿತ್ಸೆ ರೂಪಿಸಿದೆ. ಮೂರರಿಂದ ಆರು ಸಲದ ಮಾತುಕತೆ, ಅದರಲ್ಲಿ ಸಾವಿನ ಮಾತಿಗೂ ಜಾಗ ಇದೆ. ಕಾಯಿಲೆ ಮುಂದುವರಿದ 305 ಜನರ ಮೇಲೆ ಮಾಡಿದ ಅವರ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಈ ಮಾತುಕತೆ ಸಿಕ್ಕವರಲ್ಲಿ ಖಿನ್ನತೆ ಕಡಿಮೆಯಾಗಿತ್ತು. ಅದೇ ದೇಶದ ವಿನಿಪೆಗ್‌ನ ಹಾರ್ವೆ ಚಾಚಿನಾವ್ ಅನ್ನುವ ಮನೋವೈದ್ಯರು ಇನ್ನೊಂದು ವಿಧಾನ ಮಾಡಿದ್ದಾರೆ. ಜೀವನದಲ್ಲಿ ಮುಖ್ಯವಾದುದು ಏನು, ಮನೆಯವರಿಗೆ ಏನು ಹೇಳಬೇಕು ಅಂತ ರೋಗಿಯನ್ನು ಕೇಳಿ, ಮಾತನ್ನು ರೆಕಾರ್ಡ್ ಮಾಡಿ, ಬರಹಕ್ಕಿಳಿಸಿ, ಅವರಿಗೇ ಓದಿ ಹೇಳಿ, ಅವರ ಕೈಗೇ ಕೊಡುವುದು. ಅಮ್ಮನೂ ಹೀಗೆ ಫೋನಿನಲ್ಲಿ ರೆಕಾರ್ಡ್ ಮಾಡಿಸಿದಳು. ಅಪ್ಪೆಮಿಡಿಗೆ ತೊಟ್ಟು ಎಷ್ಟು ಬಿಡಬೇಕು ಅನ್ನುವುದೇ ಅದರಲ್ಲಿ ಏಳು ನಿಮಿಷ ಇದೆ. ಅದು ಮುಗಿದ ಮೇಲೆ, ದನಿ ಸ್ವಲ್ಪವೂ ಬದಲಾಗದೆ, ಮೂವತ್ತು ವರ್ಷದಿಂದ ಮಾತು ಬಿಟ್ಟಿದ್ದ ತಂಗಿಯನ್ನು ಕರೆಸಿ ಅಂದಿದ್ದಾಳೆ. ಕರೆಸಿದೆವು. ಚಿಕ್ಕಮ್ಮ ಬಂದು ಹದಿನೈದು ದಿನ ಇದ್ದರು.

ಅಮ್ಮ ಈಗಿಲ್ಲ. ಕೊನೆಯ ಆ ತಿಂಗಳುಗಳಲ್ಲಿ ಅವಳು ಗೋಡೆ ಕಡೆ ತಿರುಗಿ ಮಲಗಿದ್ದು ಕಡಿಮೆ.

ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಚಿಕಿತ್ಸೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ, ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಖಿನ್ನತೆಗೆ ಮಾತ್ರೆಯೂ ಬೇಕಾಗಬಹುದು. ಆದರೆ ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಪ್ಯಾರಾಕ್ಸೆಟಿನ್‌ನಂಥ ಕೆಲವು ಮಾತ್ರೆಗಳು ಅದರ ಕೆಲಸಕ್ಕೆ ಅಡ್ಡ ಬರಬಹುದು, ಹಾಗಾಗಿ ಇಬ್ಬರು ಡಾಕ್ಟರಿಗೂ ಎಲ್ಲ ಚೀಟಿ ತೋರಿಸಿ. ರೋಗಿ ಇದ್ದಕ್ಕಿದ್ದಂತೆ ಮಂಕಾಗಿ, ಎಲ್ಲಿದ್ದೇನೆ ಅಂತಲೇ ತಿಳಿಯದಂತಾದರೆ ಅದು ಬೇಸರ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ತಿಳಿಸಿ. ಬದುಕೇ ಬೇಡ ಅಂತ ಅಂದರೆ ಒಬ್ಬರನ್ನೇ ಬಿಡಬೇಡಿ, ಮುಂದಿನ ವಾರದ ಫೋನಿಗೆ ಅಂತ ಕಾಯಲೂಬೇಡಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನೀವೇ ಕೇಳಿ, 'ಇಲ್ಲಿ ಮನಸ್ಸಿಗೆ ನೋಡುವವರು ಇದ್ದಾರಾ, ಫೋನಲ್ಲಿ ಸಿಗುತ್ತಾರಾ?' ಅಂತ. ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಕ್ಯಾನ್ಸರಿಗೆ ಮಾತ್ರ ಇರುವುದಲ್ಲ, ಎಲ್ಲರಿಗೂ. ಹಗಲು ರಾತ್ರಿ ಸಿಗುತ್ತದೆ, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುತ್ತಿರುವ ಮಗಳು, ಸೊಸೆ, ಗಂಡ, ನೀವೂ ಮಾಡಬಹುದು. ನಾನೂ ಒಂದು ರಾತ್ರಿ ಎರಡು ಗಂಟೆಗೆ ಮಾಡಿದ್ದೆ.

ನಂಬರು 14416. ಪೆನ್ನು ಹುಡುಕುತ್ತಿರುವವರಿಗೆ ನಿಧಾನವಾಗಿ ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.