ಎದೆಬಡಿತದ ಬರಹಕ್ಕೂ ವಯಸ್ಸಾಗುತ್ತದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೃದಯದ ವಿದ್ಯುತ್ತನ್ನು ಗೆರೆಯಾಗಿ ದಾಖಲಿಸುವ ಇಸಿಜಿ ಪರೀಕ್ಷೆ ಮಾಡಿಸಿಕೊಂಡವರಿಗೆ ಎದೆಗೆ ಸವರಿದ ಜೆಲ್ಲಿಯ ತಣುಪು ನೆನಪಿರುತ್ತದೆ. ಎದೆಯ ಮೇಲೆ ಆರು, ಕೈಕಾಲುಗಳಿಗೆ ನಾಲ್ಕು ತಂತಿ. ಅಲುಗಾಡದೆ ಮಲಗಿದರೆ ಸಾಕು, ಚೌಕುಳಿ ಕಾಗದದ ಮೇಲೆ ಹೃದಯ ತಾನೇ ತನ್ನ ಗೆರೆ ಬರೆಯುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಗೆರೆಗಾಗಿ ಜನ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂರಬೇಕಿತ್ತು. ಆ ಯಂತ್ರವನ್ನು ರೂಪಿಸಿದ ವಿಲ್ಲೆಮ್ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಬಂದಿತು. ಅಲೆಗಳಿಗೆ ಅವರಿಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳೇ ಇಂದಿಗೂ ಬಳಕೆಯಲ್ಲಿವೆ.

ಇಪ್ಪತ್ತರ ಯುವಕನೊಬ್ಬ, ಎಪ್ಪತ್ತರ ಹಿರಿಯರೊಬ್ಬರು. ಇಬ್ಬರೂ ಆರೋಗ್ಯವಂತರೇ. ಆದರೂ ಅವರ ಇಸಿಜಿಗಳು ಒಂದೇ ಬಗೆಯಲ್ಲಿರುವುದಿಲ್ಲ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುವುದರಿಂದ ಒಂದು ಚಿಕ್ಕ ಚೌಕವೆಂದರೆ 0.04 ಸೆಕೆಂಡು. ಹೃದಯದ ಮೇಲಿನ ಕೋಣೆಗಳಲ್ಲಿ ಹುಟ್ಟಿದ ವಿದ್ಯುತ್ತು ಕೆಳಗಿನ ಕೋಣೆಗಳನ್ನು ತಲುಪಲು ಇಂಥ ಮೂರರಿಂದ ಐದು ಚೌಕ ಬೇಕು. ವಯಸ್ಸಾದಂತೆ ಈ ದಾರಿಯಲ್ಲಿ ನಾರಿನಂಥ ಅಂಗಾಂಶ ಬೆಳೆದು, ಪಯಣ ತುಸು ನಿಧಾನವಾಗುತ್ತದೆ. ಪ್ರತಿ ಬಡಿತದ ಕೊನೆಗೆ ಮೂಡುವ ಟಿ ಅಲೆಯ ಎತ್ತರ ತಗ್ಗುತ್ತದೆ. ವಿದ್ಯುತ್ತಿನ ಒಟ್ಟು ದಿಕ್ಕು ಎಡಕ್ಕೆ ವಾಲುತ್ತದೆ.

ನನಗೆ ಎಲ್ಲಕ್ಕಿಂತ ಅಚ್ಚರಿ ಎನಿಸುವುದು ಬಡಿತದ ಲಯ. ಬಡಿತವನ್ನು ಹುಟ್ಟಿಸುವ ಸೈನಸ್ ಗಂಟಿನಲ್ಲಿ ಜೀವಕೋಶಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಗುತ್ತವೆ. ಆದರೂ ವಿಶ್ರಾಂತಿಯಲ್ಲಿರುವಾಗ ಹಿರಿಯರ ನಾಡಿ ಹೆಚ್ಚೇನೂ ಇಳಿದಿರುವುದಿಲ್ಲ. ಕಿರಿಯರ ಹೃದಯವನ್ನು, ಬಡಿತವನ್ನು ನಿಧಾನಗೊಳಿಸುವ ವೇಗಸ್ ನರ ಬಲವಾಗಿ ಹಿಡಿದಿಟ್ಟಿರುತ್ತದೆ. ಮುಪ್ಪಿನಲ್ಲಿ ಆ ಹಿಡಿತವೂ ಸಡಿಲುತ್ತದೆ. ಒಂದು ಕುಂದಿದ್ದನ್ನು ಇನ್ನೊಂದು ಸರಿದೂಗಿಸುತ್ತದೆ. ಮೆಟ್ಟಿಲು ಹತ್ತುವಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ, ಏಕೆಂದರೆ ಹೃದಯ ಮುಟ್ಟಬಲ್ಲ ಗರಿಷ್ಠ ವೇಗ ಇಳಿದಿರುತ್ತದೆ. ನಾಡಿ ಹಿಡಿದು ಆಳವಾಗಿ ಉಸಿರಾಡಿ ನೋಡಿ: ಎಳೆಯರಲ್ಲಿ ಉಸಿರು ಒಳಗೆಳೆದಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದೆ. ಹಿರಿಯರಲ್ಲಿ ಈ ಏರಿಳಿತ ಮಸುಕಾಗುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಸರದಿ ತಪ್ಪಿ ಮುಂಚೆಯೇ ಬರುವುದೂ ಹಿರಿಯರಲ್ಲಿ ಸಾಮಾನ್ಯ.

ಹಾಗೆಂದು ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಲಯವೇ ಇಲ್ಲದೆ ಬಡಿಯುವ ಏಟ್ರಿಯಲ್ ಫಿಬ್ರಿಲೇಶನ್ ಹಿರಿಯರಲ್ಲಿ ಹೆಚ್ಚು ನಿಜ, ಆದರೆ ಅದು ಸಹಜ ಮುಪ್ಪಲ್ಲ. ಪಾರ್ಶ್ವವಾಯುವಿಗೆ ದಾರಿಯಾಗಬಲ್ಲ ಕಾಯಿಲೆ. ತಲೆಸುತ್ತು, ಎಚ್ಚರ ತಪ್ಪುವುದು, ಎದೆನೋವು ಇದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಸಹಜ ಯಾವುದು, ಹೊಸತು ಯಾವುದು ಎಂದು ಹೇಳಲು ವೈದ್ಯರಿಗೆ ಬೇಕಾಗುವುದು ನಿಮ್ಮದೇ ಹಳೆಯ ಇಸಿಜಿ. ಹತ್ತು ವರ್ಷದ ಹಿಂದಿನದಾದರೂ ಸರಿ, ಎಸೆಯಬೇಡಿ. ಆ ಕಾಗದದ ಗೆರೆ ಶಾಖದಿಂದ ಮೂಡಿದ್ದು, ಬಿಸಿಲಿಗೆ, ಬಿಸಿಗೆ ಕೆಡುತ್ತದೆ. ಗೆರೆ ಮಾಸುವ ಮೊದಲು ನಕಲು ಪ್ರತಿಯನ್ನೋ ಮೊಬೈಲ್ ಚಿತ್ರವನ್ನೋ ತೆಗೆದು, ದಿನಾಂಕ ಕಾಣುವಂತೆ ಜೋಪಾನವಾಗಿಡಿ.

ನಮಸ್ಕಾರ.