ಮುರುಗಲ ಶರಬತ್ತಿನ ಬಾಟಲಿಯಲ್ಲಿ ಪೆಟ್ರೋಲ್

ನಮಸ್ಕಾರ, ಕಾರವಾರದಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಹೊಡೆಯುತ್ತಿದೆ. ಹೆಂಚಿನ ಸದ್ದು ಮೈಕಿಗೆ ಬಂದರೆ ಹೊಂದಿಸಿಕೊಳ್ಳಿ.

ಇವತ್ತು ಬಂಗಡೆ ರೇಟಿನ ಬಗ್ಗೆ ಮಾತಾಡಬೇಕಿತ್ತು. ಆದರೆ ಹೋದ ವಿಡಿಯೋದ ಕೆಳಗೆ ಒಂದು ಕಮೆಂಟ್ ಬಂದಿದೆ, ಬೆಳಗಿನಿಂದ ತಲೆ ತಿನ್ನುತ್ತಿದೆ. ನಾನು ಹೇಳಿದ್ದು ಇಷ್ಟೇ: ಗೋವಾದಲ್ಲಿ ಅಗ್ಗ ಅಂತ ಗಡಿ ದಾಟಿ ಪೋಳೆಂಗೆ ಹೋಗಿ ಟ್ಯಾಂಕ್ ತುಂಬಿಸಿಕೊಳ್ಳಿ, ಆದರೆ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತರಬೇಡಿ. ಅದಕ್ಕೆ ಇವರು, 'ನಮ್ಮಜ್ಜ ನಲವತ್ತು ವರ್ಷ ದೋಣಿಗೆ ಎಣ್ಣೆಯನ್ನು ಸಿಕ್ಕ ಸಿಕ್ಕ ಬಾಟಲಿಯಲ್ಲೇ ಒಯ್ದರು, ಏನೂ ಆಗಲಿಲ್ಲ' ಅಂದಿದ್ದಾರೆ.

ಮಾರಾಯರೇ, ನಿಮ್ಮಜ್ಜ ಒಯ್ದಿದ್ದು ಸೀಮೆಎಣ್ಣೆ! ಅದು ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡಬೇಕಾದರೆ ಸುಮಾರು 38 ಡಿಗ್ರಿಯಾದರೂ ಬಿಸಿಯಾಗಬೇಕು. ಪೆಟ್ರೋಲ್ ಹಾಗಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಅದಕ್ಕೆ ಸಾಕು. ಇನ್ನು ಗಡಿಯ ಈಚೆಗಿರುವ ಮಾಜಾಳಿಯ ಬಿಸಿಲಲ್ಲಿ, ಕಾರಿನ ಡಿಕ್ಕಿಯೊಳಗೆ ಕೇಳಬೇಕೇ? 'ಎಂಜಿನ್ ಸ್ಟಾರ್ಟ್ ಮಾಡಲು ಅಜ್ಜನ ಹತ್ತಿರವೂ ಸ್ವಲ್ಪ ಪೆಟ್ರೋಲ್ ಇತ್ತು' ಅನ್ನಬೇಡಿ. ಅಜ್ಜ ಇದ್ದದ್ದು ಬಯಲು ಸಮುದ್ರದ ಗಾಳಿಯಲ್ಲಿ. ನೀವು ಗಾಜು ಏರಿಸಿ ಎಸಿ ಹಾಕಿಕೊಂಡು ಕೂತಿರುತ್ತೀರಿ.

ಉರಿಯುವುದು ಪೆಟ್ರೋಲ್ ಅಲ್ಲ, ಅದರ ಆವಿ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ಹಾವಿನ ಹಾಗೆ ನೆಲ ಹಿಡಿದು ಹರಿಯುತ್ತದೆ. ಬಾಟಲಿ ಒಂದು ಕಡೆ, ಬೆಂಕಿ ಇನ್ನೊಂದು ಕಡೆ ಇದ್ದರೂ ಆವಿ ಹೋಗಿ ಮುಟ್ಟಿ, ಬೆಂಕಿಯನ್ನು ಕರೆದುಕೊಂಡು ವಾಪಸ್ ಬರುತ್ತದೆ.

ಈಗ ಸಿರ್ಸಿ ಕಡೆ ನಮ್ಮ ಮಾವನ ಮನೆ ನೋಡಿ. ತೋಟದ ಕಳೆ ಹೊಡೆಯುವ ಮಷಿನ್ನಿಗೆ ಪೆಟ್ರೋಲ್ ಬೇಕು. ಎಂಜಿನ್ ಸವೆಯದಂತೆ ಟೂ-ಟಿ ಆಯಿಲ್ ಬೆರೆಸಿ, ಕೆಂಪಗಾದ ಪೆಟ್ರೋಲನ್ನು ಎರಡು ಲೀಟರ್ ಬಾಟಲಿಗೆ ಹಾಕಿ ಎಲ್ಲಿ ಇಟ್ಟಿದ್ದರು? ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲಿ! ಒಲೆಯಲ್ಲಿ ಅಡಿಕೆ ಸಿಪ್ಪೆ ಧಗಧಗ ಉರಿಯುತ್ತಿದೆ, ಹಂಡೆ ಕುದಿಯುತ್ತಿದೆ. ಬಾಟಲಿಯ ಮುಚ್ಚಳ ಅರ್ಧ ತಿರುಗಿಸಿದ್ದು. ಕೇಳಿದರೆ, 'ಪೂರ್ತಿ ಮುಚ್ಚಿದರೆ ಬಾಟಲಿ ಉಬ್ಬುತ್ತೋ ತಮ್ಮಾ' ಅಂದರು. ಉಬ್ಬಿಸುತ್ತಿರುವುದು ಯಾರು ಮಾವ? ಆ ಆವಿಯೇ ಅಲ್ವಾ?

ಇನ್ನೂ ಇದೆ. ಜಗುಲಿಯಲ್ಲಿ ಅದೇ ಕಂಪನಿಯ ಇನ್ನೊಂದು ಬಾಟಲಿ, ಅದರಲ್ಲಿ ಅತ್ತೆ ಮಾಡಿದ ಮುರುಗಲ ಶರಬತ್ತು. ಅದೂ ಕೆಂಪು. ನಾನು ಘಾಟ್ ಹತ್ತಿ ಬಾಯಾರಿ ಬಂದವನು, ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ, ಗೂಡಿನ ಬಾಟಲಿ ಎತ್ತಿ ಬಾಯಿ ಹತ್ತಿರ ತಂದೆ. ಮೂಗು ಉಳಿಸಿತು. ಸಣ್ಣ ಮಗುವಾಗಿದ್ದರೆ? ಕುಡಿದವರಿಗೆ ವಾಂತಿ ಮಾಡಿಸುತ್ತಾರಲ್ಲ, ಅದನ್ನೂ ಮಾಡಬಾರದು. ವಾಪಸ್ ಬರುವಾಗ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿ ಇದ್ದದ್ದಕ್ಕಿಂತ ಕೆಟ್ಟದ್ದು. ಬೈಕಿನಿಂದ ಪೈಪ್ ಹಾಕಿ ಬಾಯಲ್ಲಿ ಎಳೆಯುವ ಶೂರರೇ, ಇದು ನಿಮಗೂ ಹೇಳಿದ್ದು. (ಅತ್ತೆಯ ಅಪ್ಪೆಮಿಡಿ ಉಪ್ಪಿನಕಾಯಿ ಬೇಕಿದ್ದವರು ಮೆಸೇಜ್ ಮಾಡಿ. ಅದು ಗಾಜಿನ ಭರಣಿಯಲ್ಲೇ ಬರುತ್ತದೆ.)

ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಬೇಡ! 'ಹಾಗಾದರೆ ಮಷಿನ್ ಹೊತ್ತುಕೊಂಡು ಬಂಕಿಗೆ ಹೋಗಬೇಕಾ?' ಅಂತ ಕೇಳುವವರು ಇದ್ದೇ ಇರುತ್ತಾರೆ. ಅದಕ್ಕೇ ಅಂತ ಮಾಡಿದ ಕ್ಯಾನ್ ಸಿಗುತ್ತದೆ. ನೆಲದ ಮೇಲಿಟ್ಟು ತುಂಬಿಸಿ, ಮೇಲೆ ಸ್ವಲ್ಪ ಜಾಗ ಬಿಡಿ. ಮಷಿನ್ ತಣ್ಣಗಾದ ಮೇಲೆ ಹಾಕಿ. ಸಾವಿರಾರು ರೂಪಾಯಿಯ ಮಷಿನ್ ತರುತ್ತೀರಿ, ಕ್ಯಾನಿಗೆ ದುಡ್ಡಿಲ್ಲ!

'ಹೊತ್ತಿಕೊಂಡರೆ ನೀರು ಹಾಕಿದರಾಯ್ತು' ಅಂದವರೂ ಇದ್ದಾರೆ. ಪೆಟ್ರೋಲ್ ನೀರಿಗಿಂತ ಹಗುರ ಸ್ವಾಮಿ, ಉರಿಯುತ್ತಲೇ ತೇಲಿಕೊಂಡು ಅಡುಗೆಮನೆಗೂ ಬರುತ್ತದೆ. ಮತ್ತೊಬ್ಬರು ಚೈನಿನ ಗ್ರೀಸ್ ಹೋಗಲು ಪೆಟ್ರೋಲಲ್ಲೇ ಕೈ ತೊಳೆಯುತ್ತಾರಂತೆ. ಅದರಲ್ಲಿ ಬೆಂಜೀನ್ ಇರುತ್ತದೆ, ನಮ್ಮ ಬಿಎಸ್-6, ಅಂದರೆ ಹೊಸ ಮಾಲಿನ್ಯ ನಿಯಮದ ಪೆಟ್ರೋಲಲ್ಲೂ ಶೇಕಡಾ 1ರವರೆಗೆ. ರಕ್ತದ ಕ್ಯಾನ್ಸರ್ ತರುವ ವಸ್ತು ಅದು. ಸೋಪು ಹತ್ತು ರೂಪಾಯಿ!

ನೀರಿನ ಬಾಟಲಿಯಲ್ಲಿ ಬೇಡ. ಶರಬತ್ತಿನ ಬಾಟಲಿಯಲ್ಲಿ ಬೇಡ. ಕೊಬ್ಬರಿ ಎಣ್ಣೆ ಡಬ್ಬಿಯಲ್ಲೂ ಬೇಡ, ಅಜ್ಜನ ಹೆಸರು ಹೇಳಿಕೊಂಡಂತೂ ಬೇಡವೇ ಬೇಡ. ಸಬ್‌ಸ್ಕ್ರೈಬ್ ಮಾಡದಿದ್ದರೂ ಪರವಾಗಿಲ್ಲ. ಅಲ್ಲ, ಮಾಡಿ. ಮಾವನಿಗೂ ಈ ವಿಡಿಯೋ ಕಳಿಸುತ್ತೇನೆ. ಅವರು ಗುಡ್ಡ ಹತ್ತಿ ಸಿಗ್ನಲ್ ಹಿಡಿದ ದಿನ ನೋಡುತ್ತಾರೆ. ಬಂಗಡೆ ಮುಂದಿನ ವಾರ.